ನಕಲಿನ ಸರದಿ

ದನಿಪಟ್ಟಿ ಗದಗಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಲಕ್ವಾ ಹೊಡೆದು ಮಾತು ನಿಂತವರು ಕೊರಳಿಗೆ ಕಟ್ಟಿಕೊಳ್ಳುವ, ಎರಡು ಬೆರಳು ಅಗಲದ ಪಟ್ಟಿ ಅದು. ಮಾತಾಡಬೇಕೆಂದುಕೊಂಡಾಗ ಮಿದುಳಿನಲ್ಲಿ ಏಳುವ ಸಣ್ಣ ವಿದ್ಯುತ್ ಅಲೆಗಳನ್ನು ತಲೆಯ ಚರ್ಮದ ಕೆಳಗೆ ಕೂರಿಸಿದ ತಂತಿಗಳು ಹಿಡಿಯುತ್ತಿದ್ದವು. ಪಟ್ಟಿಯ ಸ್ಪೀಕರು ಅದನ್ನು ದನಿಯಾಗಿಸುತ್ತಿತ್ತು. ನಡುವೆ ಆಗುವ ಕೆಲಸವೇ ದೊಡ್ಡದು. ‘ನೀರು’ ಎಂದುಕೊಂಡಾಗ ಒಬ್ಬರಲ್ಲಿ ಏಳುವ ಅಲೆ ಇನ್ನೊಬ್ಬರಲ್ಲಿ ಏಳುವುದಿಲ್ಲ. ಒಬ್ಬೊಬ್ಬರ ಅಲೆಯನ್ನೂ ಯಂತ್ರ ಬೇರೆಬೇರೆಯಾಗಿ ಕಲಿಯಬೇಕು. ಹಾಗೆ ಕಲಿತದ್ದನ್ನೆಲ್ಲ ಬರೆದಿಟ್ಟ ಫೈಲಿಗೆ ನುಡಿನಕ್ಷೆ ಎಂದು ಹೆಸರು.

ನುಡಿನಕ್ಷೆ ಕಟ್ಟುವುದಕ್ಕೆ ಒಂದು ಕಾಲವಿತ್ತು. ಲಕ್ವಾ ಹೊಡೆದ ಮೊದಲ ವರ್ಷದಲ್ಲಿ ಹಳೆಯ ಮಾತಿನ ಜಾಡು ಮಿದುಳಿನಲ್ಲಿ ಇನ್ನೂ ಉಳಿದಿರುತ್ತದೆ. ಯಂತ್ರಕ್ಕೆ ಕಲಿಸುವುದಿದ್ದರೆ ಅಷ್ಟರೊಳಗೇ ಕಲಿಸಬೇಕು. ಆಮೇಲೆ ಆ ಜಾಡು ಮಾಸಿಹೋಗಿ, ಮಿದುಳು ಯಂತ್ರದ ಜೊತೆಗೇ ಹೊಂದಿಕೊಂಡು ನಡೆಯುತ್ತದೆ. ಒಮ್ಮೆ ಕಟ್ಟಿದ ನಕ್ಷೆ ಕಳೆದರೆ ಮತ್ತೆ ಕಟ್ಟಲು ಬರುವುದಿಲ್ಲ. ಬರೆದು ತೋರಿಸೋಣವೆಂದರೂ ಆಗದು. ಮಾತಿನ ಜೊತೆಗೇ ಅವರ ಬರವಣಿಗೆಯೂ ಹೋಗಿರುತ್ತದೆ.

ಗದಗದ ಪಕ್ಕದ ಬೆಟಗೇರಿಯಲ್ಲಿ, ಮುಚ್ಚಿಹೋದ ಹತ್ತಿ ಜಿನ್ನಿಂಗ್ ಮಿಲ್ಲೊಂದರ ಕಟ್ಟಡದಲ್ಲಿ ದನಿಪಟ್ಟಿಯ ಕೇಂದ್ರವಿತ್ತು. ಸುತ್ತಲಿನ ಮೂರು ಜಿಲ್ಲೆಗಳ ಇನ್ನೂರ ಹದಿಮೂರು ಜನರ ನುಡಿನಕ್ಷೆಗಳು ಅಲ್ಲಿನ ಸರ್ವರಿನಲ್ಲಿದ್ದವು. ಪಟ್ಟಿಯೊಳಗೆ ಹಿಡಿಸದಷ್ಟು ದೊಡ್ಡ ಫೈಲುಗಳು. ಹೀಗಾಗಿ ಪಟ್ಟಿ ಪ್ರತಿ ಮಾತಿಗೂ ಮೊಬೈಲ್ ಜಾಲದ ಮೂಲಕ ಕೇಂದ್ರವನ್ನು ಕೇಳುತ್ತಿತ್ತು. ತೀರಾ ಹೆಚ್ಚು ಬಳಸುವ ನಲವತ್ತು ಮಾತುಗಳು ಮಾತ್ರ ಪಟ್ಟಿಯಲ್ಲೇ ಇರುತ್ತಿದ್ದವು. ಮಿದುಳಿನ ಅಲೆಗಳು ದಿನದಿನಕ್ಕೆ ಚೂರುಚೂರು ಬದಲಾಗುವುದರಿಂದ, ಕೇಂದ್ರದಿಂದ ತಿದ್ದುಪಡಿ ಬಾರದೆ ಹೋದರೆ ಆ ನಲವತ್ತೂ ಮೂರು ನಾಲ್ಕು ದಿನದಲ್ಲಿ ಕೆಡುತ್ತಿದ್ದವು.

ಸರ್ವರ್ ನೋಡಿಕೊಳ್ಳುವವಳು ದಾಕ್ಷಾಯಣಿ. ನಲವತ್ತೊಂದು ವರ್ಷದ, ಮೆಲುಮಾತಿನ ಹೆಂಗಸು. ಆರು ವರ್ಷದಿಂದ ಆ ಲಿನಕ್ಸ್ ಯಂತ್ರದ ಕಪ್ಪು ಪರದೆಯ ಮುಂದೆ ಕೂತು ಕಮಾಂಡುಗಳನ್ನು ಟೈಪು ಮಾಡುತ್ತಿದ್ದಳು. ಅಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಬರೆದದ್ದನ್ನು ಯಂತ್ರ ಮಾಡುತ್ತದೆ. ‘ಖರೇನ ಮಾಡ್ಲ್ಯಾ?’ ಎಂದು ತಿರುಗಿ ಕೇಳುವುದಿಲ್ಲ.

ಹಳೆಯ ಯಂತ್ರಕ್ಕೆ ವಯಸ್ಸಾಗಿತ್ತು. ಹೊಸದು ಬಂದು ಪಕ್ಕದಲ್ಲೇ ಕೂತಿತ್ತು. ಸೋಮವಾರ ಎಲ್ಲವನ್ನೂ ಅದಕ್ಕೆ ನಕಲು ಮಾಡುವುದೆಂದು ಗೊತ್ತಾಗಿತ್ತು. ಹಿಂದಿನ ಶುಕ್ರವಾರ ವಹೀದಾಬಿ ಆ ವಿಷಯ ತೆಗೆದಳು.

ವಹೀದಾಬಿ ನದಾಫಳದು ಬೆಟಗೇರಿಯಲ್ಲೇ ಗಾದಿ ಹೊಲಿಯುವ ಅಂಗಡಿ. ಏಳು ವರ್ಷದ ಹಿಂದೆ ಲಕ್ವಾ ಹೊಡೆದ ಮೇಲೆ ಅದನ್ನು ಮಗಳು ನಸೀಮಾ ನಡೆಸುತ್ತಿದ್ದಳು. ಆದರೂ ವಹೀದಾಬಿ ಸುಮ್ಮನೆ ಕೂತಿರಲಿಲ್ಲ. ವಾರಕ್ಕೆ ಮೂರು ದಿನ ಕೇಂದ್ರದ ವರಾಂಡಕ್ಕೆ ಬಂದು, ಹೊಸದಾಗಿ ಪಟ್ಟಿ ಕಟ್ಟಿಕೊಂಡವರ ಎದುರು ಕೂತು ಅವರಿಂದ ಮಾತಾಡಿಸುತ್ತಿದ್ದಳು. ಕೇಂದ್ರದವರು ಆಕೆಯನ್ನು ಕರೆದಿರಲಿಲ್ಲ. ಒಂದು ದಿನ ತಾನೇ ಬಂದು ಕೂತಿದ್ದಳು, ಆಮೇಲೆ ಆಕೆಯಿಲ್ಲದೆ ನಡೆಯದಂತಾಗಿತ್ತು.

“ಏನವಾ ದಾಕ್ಷಾಯಣಿ, ನಮ್ಮ ಮಾತೆಲ್ಲಾ ಹೊಸಾ ಮಶೀನಿಗೆ ಒಯ್ತಿಯಂತ?”

“ಹೌದ್ರಿ ವಹೀದಕ್ಕಾ, ಸ್ವಾಮಾರ.”

“ಒಯ್ಯೂಮುಂದ ದಾರ್ಯಾಗ ಚೆಲ್ಲಿದ್ರ?”

ದಾಕ್ಷಾಯಣಿಗೆ ನಗು ಬಂತು. “ಒಯ್ಯೂದಿಲ್ರಿ, ನಕಲ್ ಮಾಡ್ತೀನಿ. ಒಯ್ಯಾಕ ಎಂವಿ ಅಂತ ಬ್ಯಾರೆ ಕಮಾಂಡ್ ಐತಿ. ಅದು ಅಲ್ಲಿಟ್ಟು ಇಲ್ಲಿಂದ ಅಳಿಸತೈತಿ. ಅದನ್ನ ನಾ ಮುಟ್ಟೂದಿಲ್ಲ. ಆರ್‌ಸಿಂಕ್ ಅಂತ ಇನ್ನೊಂದೈತಿ, ಅಸಲು ಇದ್ದಲ್ಲೇ ಇರತೈತಿ, ಅಲ್ಲೊಂದು ನಕಲು ಆಗತೈತಿ. ಎರಡೂ ಒಂದ ಅದಾವಿಲ್ಲೋ ಅಂತ ತಾಳೆ ನೋಡತೈತಿ.”

“ಹಂಗಾರ ಒಂದಿನಾ ನಾ ಎರಡೂ ಕಡೆ ಇರ್ತೀನಿ ಅನ್ನು. ಎರಡೂ ಕಡಿಂದ ನಸೀಮಾನ್ನ ಬೈಬಹುದು.”

ಆಕೆಯ ಪಟ್ಟಿಯ ದನಿ ಅವಳದೇ ಹಳೆಯ ದನಿ, ಯಾರದೋ ಮದುವೆಯ ವಿಡಿಯೋದಿಂದ ಹೆಕ್ಕಿ ತೆಗೆದದ್ದು. ಬೈಯುವುದಕ್ಕೆ ಹೇಳಿ ಮಾಡಿಸಿದ ದನಿಯಾಗಿತ್ತು ಅದು.

*

ದಾಕ್ಷಾಯಣಿಯ ಗಂಡ ವಿರೂಪಾಕ್ಷ ಬಸ್ ಕಂಡಕ್ಟರನಾಗಿದ್ದವನು. ನಾಲ್ಕು ವರ್ಷದ ಹಿಂದೆ, ಓಡುವ ಬಸ್ಸಿನಲ್ಲಿ ಟಿಕೆಟು ಕೊಡುತ್ತ ನಿಂತಿದ್ದಾಗಲೇ ಅವನಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಆರು ತಿಂಗಳಲ್ಲಿ ಸುಧಾರಿಸಿದವು. ಮಾತು ಮಾತ್ರ ಬರಲಿಲ್ಲ. ಮಕ್ಕಳಿಲ್ಲದ ಮನೆ. ಆ ಆರು ತಿಂಗಳು ದಾಕ್ಷಾಯಣಿ ಮನೆಯಲ್ಲಿದ್ದಷ್ಟು ಹೊತ್ತೂ ರೇಡಿಯೋ ಹಚ್ಚಿಡುತ್ತಿದ್ದಳು. ಅವನು ಒಳಗೆ ಏನನ್ನೋ ಹೇಳಲು ಒದ್ದಾಡಿ, ಬಾರದೆ, ತಾಟು ಎತ್ತಿ ಗೋಡೆಗೆ ಒಗೆಯುವ ಸಪ್ಪಳ ಪಕ್ಕದ ಮನೆಗೆ ಕೇಳಬಾರದೆಂದು.

ಪಟ್ಟಿ ಕಟ್ಟಿದ ಮೊದಲ ವಾರ ಅದರಿಂದ ಬರೇ ಗೊಗ್ಗರು ಸದ್ದು ಬಂತು. ಅವನು ಅದನ್ನು ಕಿತ್ತು ಕೇಂದ್ರದ ಅಂಗಳಕ್ಕೆ ಎಸೆದ. ಎತ್ತಿ ತಂದವಳು ವಹೀದಾಬಿ. “ಕಂಡಕ್ಟರ್ ಸಾಹೇಬ್ರ, ನನಗ ತಮ್ಮ ಇಲ್ಲ. ಇದ್ದಿದ್ರ ನಿಮ್ಮಂಗ ಮೊಂಡ ಇರ್ತಿದ್ದ. ಕುಂದರ್ರಿ, ಒಂದ ಮಾತು. ಟಿಕೇಟ್ ಅನ್ರಿ” ಎಂದು ಮೂರು ತಿಂಗಳು ಅವನ ಎದುರು ಕೂತಳು. ಅವನ ಮೊದಲ ಮಾತು ‘ಟಿಕೇಟ್’. ಅದನ್ನು ಕೇಳಿ ದಾಕ್ಷಾಯಣಿ ಸರ್ವರ್ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದಳು.

ಈಗ ಅವನು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುತ್ತಿದ್ದ. ಯಾವ ಬಸ್ಸು ಎಷ್ಟಕ್ಕೆ, ಯಾವ ಪ್ಲಾಟ್‌ಫಾರ್ಮಿಗೆ ಎಂದು ದಿನವಿಡೀ ಹೇಳಿ ಬಂದು, ಮನೆಯಲ್ಲೂ ಬಾಯಿ ಮುಚ್ಚುತ್ತಿರಲಿಲ್ಲ. ಆ ಭಾನುವಾರ ಸಂಜೆ ಅವನು ರೊಟ್ಟಿ ಮುರಿಯುತ್ತ, ಲಕ್ಷ್ಮೇಶ್ವರದ ಬಸ್ಸೆಂದು ಮುಂಡರಗಿ ಬಸ್ಸು ಹತ್ತಿದ ಬೀಗರ ಕತೆ ಹೇಳಿದ. ಎರಡನೆಯ ಸಲ ಹೇಳುತ್ತಿದ್ದ. ದಾಕ್ಷಾಯಣಿ ತಡೆಯಲಿಲ್ಲ.

*

ಸೋಮವಾರ ಬೆಳಗ್ಗೆ ಆರೂವರೆಗೆ ಬಾಗಿಲು ತೆಗೆದಾಗಲೇ ಸರ್ವರ್ ಕೋಣೆಯ ಕಾವು ಮುಖಕ್ಕೆ ಬಡಿಯಿತು. ಭಾನುವಾರ ಯಾವಾಗಲೋ ಎ.ಸಿ. ನಿಂತುಹೋಗಿತ್ತು. ಅದನ್ನು ತಿಳಿಸಬೇಕಿದ್ದ ಗಂಟೆಯೂ ಹೊಡೆದಿರಲಿಲ್ಲ.

ಹಳೆಯ ಯಂತ್ರದಲ್ಲಿ ಎಂಟು ಡಿಸ್ಕುಗಳು ಒಂದೇ ನೊಗಕ್ಕೆ ಕಟ್ಟಿದಂತೆ ಸೇರಿ ಕೆಲಸ ಮಾಡುತ್ತಿದ್ದವು. ಎರಡು ಸತ್ತರೂ ಉಳಿದ ಆರು ಭಾರ ಎಳೆಯುತ್ತವೆ. ಮೂರನೆಯದು ಸತ್ತರೆ ಎಲ್ಲ ಮುಗಿದಂತೆ. ಎರಡು ಆಗಲೇ ಸತ್ತಿದ್ದವು. ಮೂರನೆಯದು ಟಕ್, ಟಕ್ ಎನ್ನುತ್ತಿತ್ತು.

ದಾಕ್ಷಾಯಣಿ ಮೊದಲು ಕಿಟಕಿ ತೆಗೆದಳು, ಫ್ಯಾನು ತಂದಿಟ್ಟಳು. ನಕಲಿನ ಡಿಸ್ಕು ಬೇರೆಯೇ ಇದೆಯಲ್ಲ ಎಂಬ ಧೈರ್ಯ ಇನ್ನೂ ಇತ್ತು. ಪ್ರತಿದಿನದ ನಕಲು ಅದಕ್ಕೆ ಹೋಗುತ್ತಿತ್ತು, ‘ಮುಗಿಯಿತು, ತಪ್ಪಿಲ್ಲ’ ಎಂಬ ಸಂದೇಶ ಬರುತ್ತಿತ್ತು. ಅದನ್ನು ತೆರೆದು ನೋಡಿದಳು. ಅಂಥ ಡಿಸ್ಕೇ ಇರಲಿಲ್ಲ. ಮಳೆಗಾಲದಲ್ಲಿ ಒಮ್ಮೆ ಕರೆಂಟು ಹೋಗಿ ಬಂದಾಗ ಆ ಡಿಸ್ಕು ಸುಟ್ಟುಹೋಗಿತ್ತು. ಯಂತ್ರ ಮತ್ತೆ ಎದ್ದಾಗ, ಡಿಸ್ಕು ಸೇರಬೇಕಿದ್ದ ಜಾಗದಲ್ಲಿ ಅದೇ ಹೆಸರಿನ ಖಾಲಿ ಫೋಲ್ಡರು ಮಾತ್ರ ಉಳಿದಿತ್ತು. ಏಳು ತಿಂಗಳಿಂದ ನಕಲು ಆ ಫೋಲ್ಡರಿಗೆ, ಅಂದರೆ ಅಸಲು ಇದ್ದ ಅದೇ ಎಂಟು ಡಿಸ್ಕುಗಳ ಮೇಲೆಯೇ ಬೀಳುತ್ತಿತ್ತು. ಯಂತ್ರದ ಮಟ್ಟಿಗೆ ತಪ್ಪೇನೂ ಇರಲಿಲ್ಲ. ಸಂದೇಶವನ್ನು ಏಳು ತಿಂಗಳೂ ದಿನಾ ಓದಿದವಳು ಅವಳೇ.

ಕೇಂದ್ರದ ಮುಖ್ಯಸ್ಥರು ಡಾಕ್ಟರ್ ಪ್ರಹ್ಲಾದ ಕಟ್ಟಿ. ಫೋನು ಮಾಡಿದ ಹತ್ತು ನಿಮಿಷಕ್ಕೆ ಸ್ಕೂಟರಿನಲ್ಲಿ ಬಂದರು. ಅಂಗಿಯ ಗುಂಡಿ ತಪ್ಪಾಗಿ ಹಾಕಿದ್ದರು. ಅವಳು ಹೇಳಿದ್ದನ್ನೆಲ್ಲ ನಿಂತೇ ಕೇಳಿದರು.

“ಎಷ್ಟು ತಾಸು ಬೇಕ್ರಿ?”

“ಒಬ್ಬರದು ಮೂರು ನಿಮಿಷ ಹಿಡೀತೈತ್ರಿ ಸರ್. ಇನ್ನೂರ ಹದಿಮೂರು ಮಂದಿ. ಈಗ ಚಾಲೂ ಮಾಡಿದ್ರ ಸಂಜಿ ಆರು ಆಗತೈತಿ.”

“ಅಲ್ಲೀ ತನಕಾ ಆ ಡಿಸ್ಕು ತಡೀತದೇನು?”

“ಗೊತ್ತಿಲ್ರಿ. ಎರಡೆರಡು ಫೈಲ್ ಒಮ್ಮೆಲೆ ಓದಿಸಿದ್ರ ಈಗ ಸಾಯತೈತಿ. ಒಂದೊಂದ ಓದಿಸಬೇಕು, ಸಾವಕಾಶ.”

ಕಟ್ಟಿಯವರು ಆ ಟಕ್ ಟಕ್ ಸದ್ದನ್ನೇ ಕೇಳುತ್ತ ನಿಂತರು. “ಯಾವ ಸರದಿ?”

“ಆರ್‌ಸಿಂಕ್ ಇಂಗ್ಲಿಷ್ ಅಕ್ಷರದ ಪ್ರಕಾರ ಹೋಗತೈತ್ರಿ. ಫೋಲ್ಡರಿನ ಹೆಸರು ಎ ಇಂದ ಜಡ್ ತನಕಾ. ಬ್ಯಾರೆ ಸರದಿ ಬೇಕಂದ್ರ ಹೆಸರಿನ ಯಾದಿ ಬರದು ಕೊಡಬಹುದು. ಸಣ್ಣ ವಯಸ್ಸಿನವರು ಮೊದಲು, ಅಥವಾ…”

“ಬ್ಯಾಡ.” ಅವರು ಕೈ ಎತ್ತಿದರು. “ನಾವು ಆರಿಸೂದು ಬ್ಯಾಡ. ಒಬ್ಬರನ್ನ ಮ್ಯಾಲೆ ಹಾಕಿದ್ರ ಇನ್ನೊಬ್ಬರನ್ನ ಕೆಳಗ ತಳ್ಳಿಧಾಂಗ. ಅದಕ್ಕ ಯಾರು ಉತ್ತರಾ ಹೇಳೂದು? ಮಶೀನಿನ ಸರದಿನ ಇರಲಿ. ಯಾರ ತಪ್ಪೂ ಅಲ್ಲದ ಸರದಿ ಅದು. ತಿಳೀತಿಲ್ಲೊ?”

“ತಿಳೀತ್ರಿ.”

“ಚಾಲೂ ಮಾಡ್ರಿ. ನಾ ಎಲ್ಲಾರ ಮನಿಗೂ ಫೋನ್ ಮಾಡ್ತೀನಿ, ಇವತ್ತ ಮಾತು ಬಂದ್ ಇರ್ತದ ಅಂತ.” ಅವರು ತಮ್ಮ ಕೋಣೆಗೆ ಹೋದರು.

ದಾಕ್ಷಾಯಣಿ ಕೀಲಿಮಣೆಯ ಮೇಲೆ ಕೈಯಿಟ್ಟಳು. ವಿ ಅಕ್ಷರ ಎಲ್ಲಿ ಬರುತ್ತದೆಂದು ಯಾರೂ ಅವಳಿಗೆ ಹೇಳಬೇಕಿರಲಿಲ್ಲ. ವಿರೂಪಾಕ್ಷನ ಹೆಸರು ಇನ್ನೂರ ನಾಲ್ಕನೆಯದು. ಅಂದರೆ ಸಂಜೆ ಐದೂವರೆ.

ಡಿಸ್ಕು ಟಕ್ ಎಂದಿತು.

ಬರೇ ಮೂರು ನಿಮಿಷ, ಎಂದುಕೊಂಡಳು. ಹತ್ತು ತಾಸಿನ ಕೆಲಸದಲ್ಲಿ ಮೂರು ನಿಮಿಷದಿಂದ ಏನಾಗುತ್ತದೆ? ಅವಳು ಒಂದೇ ಒಂದು ಫೋಲ್ಡರಿನ ಹೆಸರು ಬರೆದು, ಅದು ಹೋಗಬೇಕಾದ ಜಾಗ ಬರೆದು, ಎಂಟರ್ ಒತ್ತಿದಳು. ಪರದೆಯ ಮೇಲೆ ಅಂಕಿ ಏರಿತು. ನೂರು ಮುಟ್ಟಲು ಮೂರು ನಿಮಿಷ ಹತ್ತು ಸೆಕೆಂಡು ಹಿಡಿಯಿತು. ಅಷ್ಟು ಹೊತ್ತೂ ಅವಳು ಬಾಗಿಲ ಕಡೆಗೆ ನೋಡುತ್ತಿದ್ದಳು. ಆಮೇಲೆ ಎಲ್ಲರ ಕಮಾಂಡು ಬರೆದಳು. ಮೊದಲ ಹೆಸರು ಅಡಿವೆಪ್ಪ. ಹತ್ತಿ ಗಿರಣಿಯ ಎತ್ತರದ ಕಿಟಕಿಯಿಂದ ಬಿಸಿಲು ಒಳಗೆ ಬರತೊಡಗಿತ್ತು.

*

ಮಧ್ಯಾಹ್ನ ಒಂದು ಗಂಟೆಗೆ ಜಿ ಮುಗಿದಿತ್ತು. ಕಟ್ಟಿಯವರು ಪರದೆಯ ಮುಂದೆ ಕೂತು ಅವಳನ್ನು ಊಟಕ್ಕೆ ಕಳಿಸಿದರು. ಮನೆ ಎರಡು ಓಣಿಯಾಚೆ.

ವಿರೂಪಾಕ್ಷ ಕೆಲಸಕ್ಕೆ ಹೋಗದೆ ಹೊರಸಿನ ಮೇಲೆ ಕೂತಿದ್ದ. ಪಟ್ಟಿಯಲ್ಲಿದ್ದ ನಲವತ್ತು ಮಾತುಗಳಲ್ಲಿ ಅವನು ಕೇಳಿದ: “ದಾಕ್ಷಿ. ಏನಾತು?”

“ಏನಿಲ್ರಿ. ಹೊಸಾ ಮಶೀನಿಗೆ ನಕಲ್ ನಡದೈತಿ.”

“ಎಷ್ಟೊತ್ತಿಗೆ?”

“ಸಂಜಿಗೆ.”

ಅವಳ ಮುಖ ನೋಡಿ ಅವನು ಇನ್ನೇನನ್ನೋ ಕೇಳಲು ಹೋದ. ಆ ಮಾತು ನಲವತ್ತರಲ್ಲಿರಲಿಲ್ಲ. ಪಟ್ಟಿ ಸುಮ್ಮನಿತ್ತು. ಅವನು ಕೈ ಬೀಸಿ ಬಿಟ್ಟುಬಿಟ್ಟ. ದಾಕ್ಷಾಯಣಿ ಅರ್ಧ ರೊಟ್ಟಿ ತಿಂದು ಎದ್ದಳು.

ಮೂರು ಗಂಟೆಗೆ ವಹೀದಾಬಿ ಬಂದಳು. ಬರಬೇಡಿರೆಂದು ಫೋನು ಮಾಡಿದ್ದರೂ ಬಂದಿದ್ದಳು. ವರಾಂಡದ ಬೆಂಚಿನ ಮೇಲೆ ಕೂತು, ಬಾಗಿಲಲ್ಲಿ ದಾಕ್ಷಾಯಣಿ ಕಂಡಾಗ ಕೇಳಿದಳು: “ಆತು?”

“ಇನ್ನೂ ಇಲ್ರಿ ಅಕ್ಕಾ.”

“ಚಾ?”

“ಬ್ಯಾಡ್ರಿ. ನೀವು ಮನಿಗೆ ಹೋಗ್ರಿ.”

ಆಕೆ ಹೋಗಲಿಲ್ಲ. ಎನ್ ಆಯಿತು, ಪಿ ಆಯಿತು. ನಾಲ್ಕರ ಹೊತ್ತಿಗೆ ಎಸ್ ಬಂತು. ಗದಗದ ಕಡೆ ಎಸ್ ಅಕ್ಷರದವರು ಬಹಳ. ಡಿಸ್ಕಿನ ಸದ್ದು ಕೆಲವೊಮ್ಮೆ ಪೂರಾ ನಿಲ್ಲುತ್ತಿತ್ತು, ಅಂಕಿಯೂ ನಿಲ್ಲುತ್ತಿತ್ತು, ಆಮೇಲೆ ಎರಡೂ ಮತ್ತೆ ಸುರುವಾಗುತ್ತಿದ್ದವು. ಪ್ರತಿ ಸಲ ಕಟ್ಟಿಯವರು ಪರದೆಗೆ ಇನ್ನಷ್ಟು ಹತ್ತಿರ ಬಾಗುತ್ತಿದ್ದರು.

ಐದೂಕಾಲು ದಾಟಿದ ಮೇಲೆ ಪರದೆಯಲ್ಲಿ, ವಿ ಅಕ್ಷರದವರಲ್ಲಿ ಮೊದಲನೆಯದಾಗಿ, ವಹೀದಾ ನದಾಫ್ ಎಂಬ ಹೆಸರು ಬಂತು. ಹತ್ತು, ಮೂವತ್ತು, ಐವತ್ತು. ಅರವತ್ತಮೂರಕ್ಕೆ ಅಂಕಿ ನಿಂತಿತು. ಡಿಸ್ಕು ಒಂದು ಸಲ ಗಟ್ಟಿಯಾಗಿ ಕರಕ್ಕೆಂದಿತು. ಆಮೇಲೆ ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ ಉಳಿಯಿತು. ಪರದೆಯ ಮೇಲೆ ಒಂದು ಸಾಲು ಮೂಡಿತು, ಓದಲಾಗಲಿಲ್ಲ ಎಂದು. ಅದರ ಕೆಳಗೆ ಮತ್ತೊಂದು, ಮಗದೊಂದು. ಉಳಿದ ಹೆಸರುಗಳೆಲ್ಲ ಹಾಗೇ ಒಂದರ ಹಿಂದೊಂದು ಬಂದು ಹೋದವು.

ನುಡಿನಕ್ಷೆ ಇಡಿಯಾಗಿದ್ದರೆ ಮಾತ್ರ ನಕ್ಷೆ. ಅರವತ್ತಮೂರು ಪಾಲು ಬಂದಿದ್ದು ಯಾವ ಕೆಲಸಕ್ಕೂ ಬಾರದು.

*

ಏನು ಉಳಿಯಿತು, ಏನು ಹೋಯಿತು ಎಂಬ ಯಾದಿಯನ್ನು ಕಟ್ಟಿಯವರೇ ತೆಗೆದರು. ಹೊಸ ಯಂತ್ರದಲ್ಲಿ ಇನ್ನೂರ ಒಂದು ಫೋಲ್ಡರುಗಳಿದ್ದವು. ಎ ಇಂದ ಯು ತನಕ ಎಲ್ಲವೂ ಇದ್ದವು. ವಿ ಅಕ್ಷರದಲ್ಲಿ ಒಂದೇ ಒಂದಿತ್ತು.

ಅವರು ಆ ಹೆಸರನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯಾವಾಗ ಮಾಡಿದ್ರಿ?”

“ಮೊದಲ್ರಿ. ನೀವು ಹೋದ ಕೂಡ್ಲೆ.”

“ಎಷ್ಟು ಹಿಡೀತು?”

“ಮೂರು ನಿಮಿಷ ಹತ್ತು ಸೆಕೆಂಡ್.” ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು. “ವಹೀದಕ್ಕಂದು ಇನ್ನ ಒಂದು ನಿಮಿಷದ ಮ್ಯಾಲೆ ಸ್ವಲ್ಪ ಬೇಕಾಗಿತ್ರಿ.”

ಲೆಕ್ಕ ಇಬ್ಬರಿಗೂ ಸ್ಪಷ್ಟವಿತ್ತು. ಸರದಿ ಮುರಿಯದಿದ್ದರೂ ಹನ್ನೆರಡು ಜನ ಹೋಗುತ್ತಿದ್ದರು. ಆ ಹನ್ನೆರಡರಲ್ಲಿ ವಿರೂಪಾಕ್ಷ ಇರುತ್ತಿದ್ದ, ವಹೀದಾಬಿ ಉಳಿಯುತ್ತಿದ್ದಳು. ಈಗ ಹನ್ನೊಂದು ಜನರ ಮಾತು ಡಿಸ್ಕಿನಿಂದ ಹೋಗಿತ್ತು, ಹನ್ನೆರಡನೆಯದು ದಾಕ್ಷಾಯಣಿಯಿಂದ.

“ಡಿಸ್ಕು ಮುಂಬೈಗೆ ಕಳಸೂಣು. ಅಲ್ಲಿ ಸತ್ತ ಡಿಸ್ಕಿಂದ ತಗೀತಾರ” ಎಂದರು ಕಟ್ಟಿ. ಅವರಿಗೇ ಅದರಲ್ಲಿ ನಂಬಿಕೆ ಇದ್ದಂತಿರಲಿಲ್ಲ. ಮತ್ತೆ ತಗ್ಗಿದ ದನಿಯಲ್ಲಿ ಹೇಳಿದರು: “ನೋಡ್ರಿ. ವರದಿ ನಾ ಬರೀತೀನಿ. ಮೊದಲು ಒಂದು ಫೈಲ್ ಇಟಗೊಂಡು ಪರೀಕ್ಷಾ ಮಾಡಿದ್ವಿ, ಅದು ನಿಮ್ಮ ಯಜಮಾನ್ರದಿತ್ತು ಅಂತ ಬರದ್ರ ಯಾರೂ ಕೇಳೂದಿಲ್ಲ. ಹಂಗ ಪರೀಕ್ಷಾ ಮಾಡೂದು ಪದ್ಧತಿನ ಅದ.”

“ನೀವ್ಯಾಕ ಹಂಗ ಬರೀಬೇಕ್ರಿ ಸರ್?”

“ಯಾಕಂದ್ರ ಆ ಕುರ್ಚ್ಯಾಗ ನಾ ಕೂತಿದ್ದಿಲ್ಲ.” ಅವರು ಕನ್ನಡಕ ಹಾಕಿಕೊಂಡರು. “ಆರಿಸೂದು ಬ್ಯಾಡ ಅಂತ ಹೇಳಿ ಎದ್ದು ಹ್ವಾದೆ. ಹೇಳೂದು ಹಗುರ ಇತ್ತು ನನಗ. ನನ್ನ ಮನ್ಯಾಗ ಎಲ್ಲಾರೂ ಮಾತಾಡ್ತಾರ.”

ಹೊರಗೆ ಬೆಂಚಿನ ಮೇಲೆ ವಹೀದಾಬಿ ಇನ್ನೂ ಕೂತಿದ್ದಳು. ಕಟ್ಟಿಯವರೇ ಹೋಗಿ ಆಕೆಯ ಪಕ್ಕದಲ್ಲಿ ಕೂತು, ಡಿಸ್ಕು ಕೆಟ್ಟ ವಿಷಯ ಹೇಳಿದರು. ದಾಕ್ಷಾಯಣಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು. ಆಕೆ ಅಳಲಿಲ್ಲ. ಪಟ್ಟಿಯಿಂದ ‘ಹೌದು’ ಎಂಬ ಮಾತು ಎರಡು ಸಲ ಬಂತು. ಆಮೇಲೆ ‘ನಸೀಮಾ’ ಎಂದು ಬಂತು. ಕಟ್ಟಿಯವರು ನಸೀಮಾಳಿಗೆ ಫೋನು ಹಚ್ಚಿದರು.

*

ವಿರೂಪಾಕ್ಷನ ಮಾತು ಏಳು ಗಂಟೆಗೆ ಮರಳಿತ್ತು. ದಾಕ್ಷಾಯಣಿ ಬಾಗಿಲಲ್ಲಿ ಕಾಲಿಡುತ್ತಿದ್ದಂತೆ ಅವನು ಸುರುಮಾಡಿದ: “ಅಬ್ಬಾ, ಒಂದ ದಿನಕ್ಕ ಸಾಕಾತು ಮಾರಾಯ್ತಿ. ನಾಲಿಗಿ ತುದ್ಯಾಗ ಬಂದು ನಿಲ್ತಿದ್ವು. ಏನಾಗಿತ್ತು? ಯಾಕ ಹಿಂಗದಿ?”

ಅವಳು ಚಪ್ಪಲಿ ಬಿಡದೆಯೇ ಹೇಳಿದಳು. ಮೊದಲಿನಿಂದ ಕೊನೆಯ ತನಕ ಹೇಳಿದಳು.

“ವಹೀದಕ್ಕಂದು ಹೋತು?” ಎಂದ ಕೊನೆಗೆ.

“ಹ್ಞೂಂ.”

“ನನ್ನ ಉಳಿಸಾಕ.”

“ಅವರದ ಹೋಗತೈತಿ ಅಂತ ನನಗ ಗೊತ್ತಿದ್ದಿಲ್ಲ. ಯಾರದಾರ ಹೋಗಬಹುದು ಅನ್ನೂದು ಗೊತ್ತಿತ್ತು.”

“ನನ್ನ ಕೇಳಬೇಕಿತ್ತು ನೀ.”

“ಕೇಳಿದ್ರ ಬ್ಯಾಡ ಅಂತಿದ್ರೇನು?”

ಅವನು ಉತ್ತರ ಕೊಡಲು ಬಾಯಿ ತೆರೆದ. ಪಟ್ಟಿ ಈಗ ಸರಿಯಾಗಿಯೇ ಕೆಲಸ ಮಾಡುತ್ತಿತ್ತು, ಆದರೂ ಮಾತು ಬರಲಿಲ್ಲ. ಹೊರಸಿನ ಮೇಲೆ ಕೂತು, ಮೊಣಕಾಲ ಮೇಲೆ ಮೊಣಕೈ ಊರಿ ತಲೆ ಹಿಡಿದುಕೊಂಡ.

“ಗೊತ್ತಿಲ್ಲ” ಎಂದ. “ಅದ ನೋಡು. ಬ್ಯಾಡ ಅಂತಿದ್ದೆ ಅಂತ ಹೇಳಾಕ ನನಗ ಬರವಲ್ತು.”

ಅವತ್ತು ಒಲೆ ಹಚ್ಚಲಿಲ್ಲ. ಬೆಳಗ್ಗೆ ಅವನು ಅವಳಿಗಿಂತ ಮುಂಚೆ ಎದ್ದು ಮುಖ ತೊಳೆದು ಹೇಳಿದ: “ಕಟ್ಟಿಯವರು ಏನರ ಬರೀಲಿ. ನೀ ಆಕಿಗೆ ಹೇಳು. ಇನ್ನೊಬ್ಬರ ಬಾಯಿಂದ ಕೇಳಬಾರದು ಆಕಿ.”

ಅವಳಿಗೆ ಅದೇ ದಿನ ಹೋಗಲು ಧೈರ್ಯ ಸಾಲಲಿಲ್ಲ. ಮಂಗಳವಾರ ಕೇಂದ್ರಕ್ಕೆ ಹೋಗಿ, ಕಟ್ಟಿಯವರ ವರದಿಯಲ್ಲಿದ್ದ ಪರೀಕ್ಷೆಯ ಸಾಲನ್ನು ಹೊಡೆದು ಹಾಕಿ, ನಡೆದದ್ದನ್ನು ತನ್ನ ಹೆಸರಿನಲ್ಲಿ ನಾಲ್ಕು ಸಾಲು ಬರೆದು ಸಹಿ ಮಾಡಿದಳು. ಕಟ್ಟಿಯವರು ಅದನ್ನು ಓದಿ ಕೆಳಗೆ ತಮ್ಮ ಸಹಿ ಹಾಕಿದರು. ಬುಧವಾರ ಮಧ್ಯಾಹ್ನ ಅವಳು ಗಾದಿ ಅಂಗಡಿಗೆ ಹೋದಳು.

*

ಅಂಗಡಿಯ ಹಿಂದೆಯೇ ಮನೆ. ಗಾಳಿಯಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ವಹೀದಾಬಿ ಗಾದಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಪಟ್ಟಿ ಕೊರಳಲ್ಲೇ ಇತ್ತು. ದಾಕ್ಷಾಯಣಿಯನ್ನು ಕಂಡು “ಬಾ” ಎಂದಳು. ಆ ಮಾತು ನೆಟ್ಟಗೆ ಬಂತು.

ನಸೀಮಾ ನೀರು ತಂದಿಟ್ಟಳು. “ನಿನ್ನಿ ಹದಿನೈದು ಇಪ್ಪತ್ತು ಮಾತು ಬರ್ತಿದ್ವು. ಇವತ್ತು ಐದಾರು ಅದಾವು. ಅವೂ ಕಲಸಿ ಹೊಂಟಾವು. ಚಾ ಬೇಕಂದ್ರ ನೀರು ಅನ್ನತೈತಿ. ಮುಂಬೈಯವರು ಏನಂದ್ರು ಅಕ್ಕಾ?”

“ಇನ್ನೂ ಏನೂ ಅಂದಿಲ್ಲ.” ದಾಕ್ಷಾಯಣಿ ನೀರು ಮುಟ್ಟಲಿಲ್ಲ. “ನಾ ಬ್ಯಾರೆ ಮಾತು ಹೇಳಾಕ ಬಂದೀನಿ.”

ಹೇಳಿದಳು. ತಲೆ ತಗ್ಗಿಸಿ ಹೇಳಲು ಸುರುಮಾಡಿದವಳು, ಹಾಗೆ ಹೇಳಿದರೆ ಹೇಳಿದಂತಾಗುವುದಿಲ್ಲವೆನಿಸಿ, ವಹೀದಾಬಿಯ ಮುಖ ನೋಡುತ್ತಲೇ ಮುಗಿಸಿದಳು. ನಸೀಮಾ ನಿಂತಲ್ಲೇ ನಿಂತಿದ್ದಳು.

“ಎಷ್ಟು ನಿಮಿಷ ಅಂದ್ರಿ?”

“ಮೂರು.”

“ಮೂರು ನಿಮಿಷ.” ನಸೀಮಾ ತಾಯಿಯ ಕಡೆಗೆ ಕೈ ತೋರಿಸಿದಳು. “ನಮ್ಮವ್ವ ಮುಂಜಾನಿಂದ ನನಗೇನೋ ಹೇಳಬೇಕಂತ ಬಡಕೊಳ್ಳಾಕತ್ತಾಳ. ಔಷಧದ್ದ ಅಂದ್ರ ಅಲ್ಲ. ಅಂಗಡೀದ ಅಂದ್ರ ಅಲ್ಲ. ನಮ್ಮಪ್ಪನ ಗೋರಿ ಮ್ಯಾಲಿನ ಕಲ್ಲಿಂದ ಅಂದೆ, ಅದೂ ಅಲ್ಲ. ಏನಂತ ನನಗ ತಿಳಿಯೂದ ಇಲ್ಲ ಇನ್ನ. ನಿಮ್ಮ ಯಜಮಾನ್ರು ಇವತ್ತ ನಿಮ್ಮ ಕೂಡ ಏನೇನು ಮಾತಾಡಿದ್ರು ಅಕ್ಕಾ? ಹೇಳ್ರಿ.”

ಹೇಳುವಂಥದ್ದೇನೂ ಇರಲಿಲ್ಲ. ಬೆಳಗ್ಗೆ ವಿರೂಪಾಕ್ಷ ನಲ್ಲಿ ಸೋರುತ್ತಿದೆ ಎಂದಿದ್ದ, ಅಷ್ಟೇ.

ಅಷ್ಟರಲ್ಲಿ ವಹೀದಾಬಿ ಕೈ ಎತ್ತಿ ಮಗಳನ್ನು ಸುಮ್ಮನಿರಿಸಿದಳು. ಮುಂದಕ್ಕೆ ಬಾಗಿ ದಾಕ್ಷಾಯಣಿಯ ಮೊಣಕೈ ಹಿಡಿದಳು. ಹಿಡಿತ ಬಲವಾಗಿತ್ತು. ಏನನ್ನೋ ಹೇಳತೊಡಗಿದಳು. ಒಂದು ಮಾತಲ್ಲ, ಉದ್ದವಾದದ್ದೇನೋ. ಹುಬ್ಬು ಏರಿತು, ಇಳಿಯಿತು, ಗಂಟಲ ನರ ಎದ್ದಿತು. ಪಟ್ಟಿ ತನಗೆ ಗೊತ್ತಿದ್ದಷ್ಟನ್ನು ಹೇಳಿತು.

“ನೀರು. ನಾಳೆ. ನೀರು. ಹೌದು. ನಾಳೆ.”

ಆಕೆ ಜೋರಾಗಿ ತಲೆಯಾಡಿಸಿದಳು. ಅದಲ್ಲ. ಮತ್ತೆ ಮೊದಲಿನಿಂದ ಹೇಳಿದಳು.

“ನಾಳೆ. ನೀರು.”

“ಅಕ್ಕಾ, ಬೈಯಾಕತ್ತೀರೇನ್ರಿ?” ದಾಕ್ಷಾಯಣಿ ಕೇಳಿದಳು. “ಬೈರಿ. ನಾ ಅದಕ್ಕ ಬ…”

ವಹೀದಾಬಿಯ ಮುಖದಲ್ಲಿ ಸಿಟ್ಟಿತ್ತು. ಸಿಟ್ಟಿನ ಕೆಳಗೆ ಇನ್ನೇನೋ ಇತ್ತು. ಆಕೆಯ ಕಣ್ಣಿಂದ ನೀರು ಇಳಿಯಿತು, ಹಿಡಿದ ಮೊಣಕೈಯನ್ನು ಎರಡು ಸಲ ಜಗ್ಗಿದಳು. ಆ ಸಿಟ್ಟು ದಾಕ್ಷಾಯಣಿಯ ಮೇಲಿನದೋ, ಮಾತು ಹೇಳದ ಪಟ್ಟಿಯ ಮೇಲಿನದೋ ಹೇಳುವವರು ಯಾರೂ ಇರಲಿಲ್ಲ. ದಾಕ್ಷಾಯಣಿ ನಸೀಮಾಳನ್ನು ನೋಡಿದಳು. ನಸೀಮಾ ಅಳುತ್ತ, ನನ್ನನ್ನು ಕೇಳಬೇಡಿ ಎಂಬಂತೆ ಮುಖ ತಿರುಗಿಸಿದಳು.

ಕೊನೆಗೆ ವಹೀದಾಬಿ ಕೈ ಬಿಟ್ಟಳು. ಕೊರಳ ಹಿಂದಿನ ಗುಂಡಿ ಬಿಚ್ಚಿ ಪಟ್ಟಿಯನ್ನು ತೆಗೆದು ಗಾದಿಯ ಮೇಲಿಟ್ಟಳು.

*

ಮುಂಬೈಯವರು ಎರಡು ತಿಂಗಳಾದ ಮೇಲೆ ಡಿಸ್ಕುಗಳನ್ನು ತಿರುಗಿ ಕಳಿಸಿದರು. ಏನೂ ಸಿಗಲಿಲ್ಲ. ವಿಚಾರಣೆ ನಡೆದು ದಾಕ್ಷಾಯಣಿಯ ಕೆಲಸ ಹೋಯಿತು. ಮಾತು ಕಳೆದುಕೊಂಡ ಹನ್ನೆರಡು ಮನೆಯವರೂ ಆ ದಿನ ಬಂದಿದ್ದರು. ಒಬ್ಬ ಮುದುಕ ಎದ್ದು ಕೇಳಿದ, ಇನ್ನೊಮ್ಮೆ ಅಂಥ ಹೊತ್ತು ಬಂದರೆ ಏನು ಮಾಡುತ್ತೀ ತಾಯಿ ಎಂದು. ಅವಳು ಗೊತ್ತಿಲ್ಲ ಎಂದಳು. ಸಭೆಯಲ್ಲಿ ಗುಜುಗುಜು ಎದ್ದಿತು. ಬೇರೆ ಉತ್ತರ ಕೊಡಬಹುದಿತ್ತು, ಆದರೆ ಅದು ಸುಳ್ಳಾಗುತ್ತಿತ್ತು. ಈಗ ನುಡಿನಕ್ಷೆಗಳ ಎರಡು ನಕಲುಗಳನ್ನು ಬೇರೆಬೇರೆ ಊರುಗಳಲ್ಲಿ ಇಡುತ್ತಾರೆ. ತಿಂಗಳಿಗೊಮ್ಮೆ ತೆರೆದು, ನಿಜವಾಗಿ ಇವೆಯೇ ಎಂದು ನೋಡುತ್ತಾರೆ.

ವಿರೂಪಾಕ್ಷ ಕಿಟಕಿಯಲ್ಲಿ ಕೂತು ಬಸ್ಸಿನ ಹೊತ್ತು ಹೇಳುತ್ತಾನೆ. ಮನೆಯಲ್ಲಿ ಬೇಕಾದಷ್ಟೇ ಮಾತು. ಕತೆ ಹೇಳುವುದನ್ನು ಬಿಟ್ಟಿದ್ದಾನೆ. ದಾಕ್ಷಾಯಣಿಯೂ ಹೇಳೆಂದು ಕೇಳುವುದಿಲ್ಲ.

ನಸೀಮಾ ಅವಳನ್ನು ಐದು ತಿಂಗಳು ಮನೆಯೊಳಗೆ ಬಿಡಲಿಲ್ಲ. ಆಮೇಲೆ ಒಂದು ಶುಕ್ರವಾರ, ಅಂಗಡಿಯ ಮುಂದೆ ನಿಂತವಳನ್ನು ವಹೀದಾಬಿಯೇ ನೋಡಿ ಕೈಸನ್ನೆ ಮಾಡಿ ಕರೆದಳು. ಈಗ ದಾಕ್ಷಾಯಣಿ ವಾರವಾರವೂ ಹೋಗುತ್ತಾಳೆ. ವಹೀದಾಬಿ ಅವಳನ್ನು ಎದುರಿಗೆ ಕೂರಿಸಿಕೊಂಡು, ಪಟ್ಟಿಯಿಲ್ಲದ ಕೊರಳಿನಿಂದ ಗೊಗ್ಗರು ದನಿಯಲ್ಲಿ, ಕೈ ಬೀಸುತ್ತ, ಕೆಲವೊಮ್ಮೆ ನೆಲ ಬಡಿಯುತ್ತ ಹತ್ತು ಹನ್ನೆರಡು ನಿಮಿಷ ಏನನ್ನೋ ಹೇಳುತ್ತಾಳೆ. ದಾಕ್ಷಾಯಣಿಗೆ ಒಂದಕ್ಷರವೂ ತಿಳಿಯುವುದಿಲ್ಲ. ಆಕೆ ಹೇಳಿ ಮುಗಿಸುವ ತನಕ ಕೂತು ಕೇಳಿ, ಎದ್ದು ಮನೆಗೆ ಬರುತ್ತಾಳೆ.